ಸಹಾಯ ಬೇಕು: ಎಂ.ಪಿ.ಎಡ್ (ದೈಹಿಕ ಶಿಕ್ಷಣ ಸ್ನಾತಕೋತ್ತರ) ಪ್ರಬಂಧ, ಬೀಪ್ ಟೆಸ್ಟ್‌ನ ವಿಶ್ವಾಸಾರ್ಹತೆ

ಎಲ್ಲರಿಗೂ ನಮಸ್ಕಾರ. 13–14 ವರ್ಷದ 30 ಮಕ್ಕಳಿಗೆ ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ತಕ್ಕಂತೆ ಎರಡು ಗೆರೆಗಳ ನಡುವೆ ಓಡುವ 20 ಮೀಟರ್ ಶಟಲ್ ರನ್), ವಾರದ ಅಂತರದಲ್ಲಿ ಎರಡು ಸಲ ಮಾಡಿಸಿದ ಅಂಕಿಗಳಿವೆ. ಗಂಟೆಗೆ 8.5 ಕಿ.ಮೀ.ನಿಂದ ಶುರು, ನಿಮಿಷಕ್ಕೆ 0.5 ಏರಿಕೆ, ಸತತ ಎರಡು ಬೀಪ್‌ಗೆ ಗೆರೆ ಮುಟ್ಟದಿದ್ದರೆ ಔಟ್.

ಎರಡು ದಿನದ ಅಂಕಿಗಳ ಪಿಯರ್ಸನ್ ಸಹಸಂಬಂಧ (ಎರಡೂ ಜೊತೆಯಾಗಿ ಎಷ್ಟು ಏರಿಳಿಯುತ್ತವೆ ಎಂಬ ಅಳತೆ) 0.91 ಬಂದಿದೆ. ಆದರೆ ಎರಡನೇ ದಿನ ಸರಾಸರಿ 6 ಶಟಲ್ (ಗೆರೆಯಿಂದ ಗೆರೆಗೆ ಒಂದು ಓಟ) ಜಾಸ್ತಿ! ಎಲ್ಲರೂ ಒಂದೇ ಸಮ ಹೆಚ್ಚು ಓಡಿದರೆ ಪಿಯರ್ಸನ್‌ಗೆ ಅದು ಕಾಣುವುದೇ ಇಲ್ಲ, ಹಾಗಾಗಿ ಆ 0.91 ನಂಬುವಂತಿಲ್ಲ.

ಟೇಪ್ ಹಿಡಿದು ಅಳತೆ ಮತ್ತೆ ನೋಡಿದ್ದಾಗಿದೆ, ಸರಿಯಿದೆ. ಮೊದಲ ಹಂತದ ಬೀಪ್ ಅಂತರ ಸ್ಟಾಪ್‌ವಾಚ್‌ನಲ್ಲಿ ಸುಮಾರು 8.47 ಸೆಕೆಂಡ್, ಅದೂ ಸರಿ. ಅನುಮಾನ ಇರುವುದು ತಿರುಗುವ ರೀತಿಯ ಮೇಲೆ: ಮೊದಲ ದಿನ ಹಲವರು ಗೆರೆ ದಾಟಿ ಅರ್ಧಚಂದ್ರದಂತೆ ಸುತ್ತಿ ಬರುತ್ತಿದ್ದರು, ಎರಡನೇ ದಿನ ಒಂದು ಕಾಲು ಗೆರೆ ಮೇಲೆ ಊರಿ ಥಟ್ಟನೆ ತಿರುಗಿದರು.

ಅನುಭವವಿರುವ ಸರ್, ಮೇಡಂ ದಯವಿಟ್ಟು ತಿಳಿಸಿ: ಮೊದಲ ದಿನವನ್ನು ಅಭ್ಯಾಸವೆಂದು ಬಿಟ್ಟು ಮೂರನೇ ಸಲ ಓಡಿಸಬೇಕೆ? ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಶನ್, ವಿಶ್ವಾಸಾರ್ಹತೆಯ ಇನ್ನೊಂದು ಅಳತೆ) ಹಾಕುವಾಗ, ಸರಾಸರಿಯ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ‘ಅಬ್ಸಲ್ಯೂಟ್ ಅಗ್ರಿಮೆಂಟ್’ ಆರಿಸುವುದೇ ಸರಿಯಲ್ಲವೇ? ಬ್ಲಾಂಡ್–ಆಲ್ಟ್‌ಮನ್ ನಕ್ಷೆ (ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ತೋರಿಸುವುದು) ಎಕ್ಸೆಲ್‌ನಲ್ಲೇ ಮಾಡಿದವರಿದ್ದರೆ ಹಂತಗಳನ್ನು ಹೇಳಿ.