ಅಪ್‌ಡೇಟ್: ತಮ್ಮನ ಫಿಟ್ಸ್ ವಿಷಯ

ತಮ್ಮನಿಗೆ ಫಿಟ್ಸ್ ನಿಲ್ಲದೆ ಐಸಿಯುಗೆ ಸೇರಿಸಿದ್ದೆವು. ಕೈಕಾಲು ಅದುರೋದು ನಿಂತರೂ ಎಚ್ಚರ ಯಾಕೆ ಬರ್ತಿಲ್ಲ ಅಂತ ಇಲ್ಲಿ ಕೇಳಿದ್ದೆ. ಈಗ ವಾರ್ಡಿಗೆ ಬಂದಿದ್ದಾನೆ. ಇಡ್ಲಿ ಸಪ್ಪೆ ಅಂತ ಅಮ್ಮನ ಹತ್ತಿರ ಜಗಳ ಆಡುವಷ್ಟು ಆರಾಮ.

ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಮಾಡಿಸಿ ಅಂತ ಉತ್ತರಿಸಿದವರ ಊಹೆ ಸರಿಯಿತ್ತು. ಹೊರಗೆ ಅದುರು ನಿಂತಿದ್ದರೂ ಮಿದುಳಿನೊಳಗೆ ಫಿಟ್ಸ್ ನಡೆದೇ ಇತ್ತು. ಎಡಗಣ್ಣಿನ ರೆಪ್ಪೆ ಸಣ್ಣಗೆ ಮಿಟುಕುತ್ತಿತ್ತಲ್ಲ, ಅದೇ ಸುಳಿವು. ಆಸ್ಪತ್ರೆಗೆ ಬಂದ ಕೂಡಲೇ ಶುಗರ್ ನೋಡಿ, ಫಿಟ್ಸ್ ನಿಲ್ಲಿಸೋಕೆ ಮೊದಲು ಕೊಡುವ ಲೊರಾಜೆಪಾಮ್ ಕೊಟ್ಟಿದ್ದರು, ಆಮೇಲೆ ಎರಡನೇ ಹಂತದ ಔಷಧಿ ಲೆವೆಟಿರಾಸಿಟಮ್. ಅದಕ್ಕೂ ಬಗ್ಗದಾಗ ಉಸಿರಾಟಕ್ಕೆ ಟ್ಯೂಬ್ ಹಾಕಿ, ಫಿಟ್ಸ್ ನಿಲ್ಲಿಸುವ ಮಿಡಜೋಲಾಮ್ ಡ್ರಿಪ್. ಲೆವೆಟಿರಾಸಿಟಮ್ ಬದಲು ಬೇರೆ ಔಷಧಿ ಕೊಡಬೇಕಿತ್ತಾ ಅಂತ ಡಾಕ್ಟರನ್ನು ಕೇಳಿದೆ. ಈ ಎರಡನೇ ಹಂತದಲ್ಲಿ ಲೆವೆಟಿರಾಸಿಟಮ್, ಫಾಸ್‌ಫೆನಿಟೋಯಿನ್, ವ್ಯಾಲ್ಪ್ರೊಯೇಟ್ ಮೂರೂ ಹೆಚ್ಚುಕಮ್ಮಿ ಒಂದೇ, ಸುಮಾರು ಅರ್ಧ ಜನಕ್ಕಷ್ಟೇ ಹಿಡಿಯುತ್ತವಂತೆ.

ಕಾರಣ? ಫಿಟ್ಸ್ ಮಾತ್ರೆ ಖಾಲಿಯಾದದ್ದನ್ನು ಮಹಾಶಯ ಯಾರಿಗೂ ಹೇಳಿರಲಿಲ್ಲ.

ಫಿಟ್ಸ್ ಬಂದಾಗ ದೊಡ್ಡಪ್ಪ ಅವನ ಕೈಗೆ ಬೀಗದಕೈ ಗೊಂಚಲು ಹಿಡಿಸಿದ್ದು ಕೇಳಿ ಸಿಸ್ಟರ್ ನಕ್ಕುಬಿಟ್ಟರು: "ಅದರಿಂದ ಏನೂ ಆಗಲ್ಲ. ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿತೋ, 108ಕ್ಕೆ ಫೋನ್ ಮಾಡಿ." ಮನೆಗೆ ಮಿಡಜೋಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದಾರೆ. ಎಷ್ಟು ಪಫ್ ಅನ್ನೋದು ತೂಕದ ಲೆಕ್ಕ, ಹಾಗಾಗಿ ಇವನ ಡೋಸ್ ಕೇಳಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ. ಡಿಸ್ಚಾರ್ಜ್ ಬಹುಶಃ ಸೋಮವಾರ.