ಎರಡನೇ ಐವಿಎಫ್ಫೂ (ಟೆಸ್ಟ್‌ಟ್ಯೂಬ್ ಮಗು ಚಿಕಿತ್ಸೆ) ಕೈಕೊಡ್ತು, ನಮ್ಮೆಜಮಾನ್ರು ಮಾತೇ ಆಡ್ತಿಲ್ಲ

ಶಿರಾಗೇಟ್‌ನವಳು:
ತುಮಕೂರು–ಬೆಂಗಳೂರು ಓಡಾಡಿ ಎರಡು ವರ್ಷ ಆಯ್ತು. ಅತ್ತೆಗೆ ಕಾಣದ ಹಾಗೆ ಇಂಜೆಕ್ಷನ್ನು ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಹಿಂದೆ ಇಡ್ತೀನಿ. ಹೋದ ತಿಂಗಳು ಬೀಟಾ ಎಚ್‌ಸಿಜಿ (ಗರ್ಭ ನಿಂತಿದ್ಯಾ ಅಂತ ನೋಡೋ ರಕ್ತ ಪರೀಕ್ಷೆ) ನೆಗೆಟಿವ್. ಅವತ್ತಿಂದ ಇವರು ಊಟಕ್ಕೆ ಕೂತರೂ ಮೊಬೈಲೇ ನೋಡ್ತಾರೆ. ಕೌನ್ಸೆಲಿಂಗ್ ಅಂದ್ರೆ "ನಮಗೇನು ಹುಚ್ಚಾ?" ಅಂತಾರೆ. ಈ ಭಾನುವಾರ ನಾದಿನಿ ಸೀಮಂತ ಬೇರೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೌನ್ಸೆಲಿಂಗ್‌ಗೆ ಹೋದವರು ಯಾರಾದ್ರೂ ಇದ್ದೀರಾ?

ಗುಬ್ಬಿ ಅಕ್ಕ:
ನಾವು ಹೋಗಿದ್ವಿ. ನಮ್ಮನೆಯವರು ಮೊದಲ ಸಲ ಮುಕ್ಕಾಲು ಗಂಟೆ ಬೈಕ್ ಕೀ ತಿರುಗಿಸ್ತಾ ಕೂತಿದ್ರು, ಒಂದು ಮಾತಿಲ್ಲ. ಮೂರನೇ ಸಲ, "ಸೂಜಿ ಎಲ್ಲಾ ಇವಳಿಗೆ, ನಾನು ಬಿಲ್ ಕಟ್ಟೋಕಷ್ಟೇ" ಅಂತ ಅತ್ತುಬಿಟ್ರು. ಸೀಮಂತಕ್ಕೆ ಹೋಗಬೇಡ ತಾಯಿ, ಜ್ವರ ಅಂದ್ಬಿಡು.

ಕ್ಯಾತ್ಸಂದ್ರದವ:
2021ರ ಎಆರ್‌ಟಿ ಕಾಯ್ದೆ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ಪ್ರಕಾರ ಕ್ಲಿನಿಕ್‌ನವರೇ ಕೌನ್ಸೆಲಿಂಗ್ ಕೊಡಬೇಕು, ಬಾಯಿಬಿಟ್ಟು ಕೇಳಿ. (ಕೆಲವರಿಗೆ ಪ್ಯಾಕೇಜ್ ರೇಟ್ ಹೇಳೋದೇ ಕೌನ್ಸೆಲಿಂಗು!) ಇಲ್ಲಾಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ತಗೊಳ್ಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಸಿಗ್ತಾರೆ.

ಶಿರಾಗೇಟ್‌ನವಳು:
ಬೈಕ್ ಕೀ ವಿಷಯ ಇವರಿಗೆ ಓದಿ ಹೇಳಿದೆ ಅಕ್ಕ. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ, "ಸೀಮಂತಕ್ಕೆ ನಾನೊಬ್ನೇ ಹೋಗಿ ಬರ್ತೀನಿ ಬಿಡು" ಅಂದ್ರು.