ಹಿತ್ತಲಿಗೆ ಕರೆದುಕೊಂಡು ಹೋದರೂ ನಾಯಿಮರಿ ಒಳಗೆ ಬಂದೇ ಉಚ್ಚೆ ಮಾಡುತ್ತದೆ, ಏನು ಮಾಡಲಿ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ನಮ್ಮನೆಗೆ ನಾಟಿ ಮರಿ ಬಂದು ಹನ್ನೆರಡು ದಿನ ಆಯಿತು. ಹೆಣ್ಣು, ಈಗ ಎರಡು ತಿಂಗಳು. ಮಗಳು ಬೆಣ್ಣೆ ಅಂತ ಹೆಸರಿಟ್ಟಿದ್ದಾಳೆ. ಹೊಡೆಯದೆ ತಿಂಡಿ ಕೊಟ್ಟು ಕಲಿಸಬೇಕು ಅಂತ ನನ್ನಾಸೆ. ಕರಿಬೇವಿನ ಗಿಡದ ಹತ್ತಿರ ಬಿಟ್ಟರೆ ಸ್ವಲ್ಪ ಮಾಡುತ್ತದೆ. ತಕ್ಷಣ ಅಡುಗೆಮನೆಗೆ ಓಡಿ ಬರುತ್ತದೆ, ನಾನು ಡಬ್ಬಿಯಿಂದ ಬಿಸ್ಕತ್ತು ಕೊಡುತ್ತೇನೆ. ಐದೇ ನಿಮಿಷ, ಹಾಲ್‌ನಲ್ಲಿ ಮತ್ತೆ ಉಚ್ಚೆ! ದೇವರ ಕೋಣೆ ಬಾಗಿಲಲ್ಲೇ ಎರಡು ಸಲ ಆಯಿತು. ಅತ್ತೆಗೆ ತುಂಬಾ ಬೇಜಾರು. "ಮೂತಿ ಅದರಲ್ಲೇ ಒರೆಸಿ ಒಂದು ಏಟು ಹಾಕು" ಅಂತಾರೆ. ನನಗೆ ಮನಸ್ಸು ಬರುತ್ತಿಲ್ಲ.

ಉತ್ತರ 1 (ಚಿತ್ರದುರ್ಗ)

ದಯವಿಟ್ಟು ಹೊಡೆಯಬೇಡಿ. ನಮ್ಮ ಮೊದಲ ನಾಯಿಗೆ ನಾನು ಹೊಡೆದಿದ್ದೆ. ಅದು ಕಲಿತದ್ದು ಒಂದೇ: ನನ್ನ ಕಣ್ಣೆದುರು ಮಾಡಬಾರದು ಅಂತ. ಮಂಚದ ಹಿಂದೆ ಹೋಗಿ ಮಾಡುತ್ತಿತ್ತು. ಹೊರಗೆ ಕರೆದುಕೊಂಡು ಹೋದರೂ ನನ್ನ ಮುಂದೆ ಮಾಡಲು ಹೆದರುತ್ತಿತ್ತು. ಈಗಲೂ ನೆನಪಾದರೆ ಸಂಕಟ ಆಗುತ್ತದೆ.

ನಿಮ್ಮ ತೊಂದರೆ ಆ ಡಬ್ಬಿ. ಉಚ್ಚೆ ಮಾಡಿದ್ದಕ್ಕೆ ಬಿಸ್ಕತ್ತು ಅಂತ ನೀವು ಅಂದುಕೊಂಡಿದ್ದೀರಿ. ಮರಿಗೆ ಮಾತ್ರ, ಅಡುಗೆಮನೆಗೆ ಬಂದದ್ದಕ್ಕೆ ಬಿಸ್ಕತ್ತು. ಅದಕ್ಕೇ ಅರ್ಧಕ್ಕೆ ನಿಲ್ಲಿಸಿ ಓಡುತ್ತದೆ, ಉಳಿದದ್ದು ಹಾಲ್‌ನಲ್ಲಿ. ತಿಂಡಿ ನಿಮ್ಮ ಜೇಬಿನಲ್ಲಿರಲಿ. ಪೂರ್ತಿ ಮಾಡಿ ಮುಗಿಸುವವರೆಗೆ ಸುಮ್ನೆ ನಿಂತಿರಿ. ಮುಗಿದ ಒಂದೆರಡು ಸೆಕೆಂಡಿನಲ್ಲಿ, ಅದೇ ಗಿಡದ ಬುಡದಲ್ಲಿ, "ಜಾಣೆ" ಅಂದು ಕೊಡಿ. ಆಮೇಲೂ ಎರಡು ನಿಮಿಷ ಅಲ್ಲೇ ಇರಿ, ಎಷ್ಟೋ ಮರಿಗಳು ಎರಡನೇ ಸಲ ಮಾಡುತ್ತವೆ.

ನಿಮ್ಮೂರಲ್ಲಿ ಮಂಡಕ್ಕಿಗೇನು ಬರ, ಅಲ್ವಾ? ಬರೀ ಮಂಡಕ್ಕಿ ಒಂದೆರಡು ಕಾಳು ಸಾಕು, ಅದರಲ್ಲಿ ಉಪ್ಪಿರುತ್ತದೆ. ಖಾರ ಮಂಡಕ್ಕಿ ಮಾತ್ರ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ.

ಉತ್ತರ 2 (ನಿಟ್ಟುವಳ್ಳಿ, ದಾವಣಗೆರೆ)

ಮೇಲಿನವರು ಹೇಳಿದ್ದು ಸರಿ. ಎರಡು ತಿಂಗಳ ಮರಿ ಹಗಲಲ್ಲಿ ಹೆಚ್ಚೆಂದರೆ ಎರಡು ಗಂಟೆ ತಡೆದುಕೊಳ್ಳಬಹುದು. ಎದ್ದ ಕೂಡಲೇ, ಉಂಡ ಮೇಲೆ, ಆಟ ನಿಲ್ಲಿಸಿದಾಗ ಕರೆದುಕೊಂಡು ಹೋಗಿ. ಮೂಸುತ್ತಾ ಸುತ್ತು ಹಾಕಿದರೆ ಆಗಲೇ ಎತ್ತಿಕೊಳ್ಳಿ.

ದೇವರ ಕೋಣೆ ಬಾಗಿಲು ಯಾವುದರಿಂದ ಒರೆಸಿದಿರಿ? ಫಿನಾಯಿಲ್ ಆದರೆ ಉಚ್ಚೆ ವಾಸನೆ ನಮ್ಮ ಮೂಗಿಗೆ ತಿಳಿಯುವುದಿಲ್ಲ, ಮರಿಯ ಮೂಗಿಗೆ ಉಳಿದೇ ಇರುತ್ತದೆ. ಪಾದ ನೆಕ್ಕಿದರೆ ಫಿನಾಯಿಲ್ ಹೊಟ್ಟೆಗೂ ಹೋಗುತ್ತದೆ. ಉಚ್ಚೆಯ ವಾಸನೆಯನ್ನೇ ಒಡೆದುಹಾಕುವ ಎಂಜೈಮ್ ಇರುವ ಕ್ಲೀನರ್ ಒಳ್ಳೆಯದು. ಸಿಗದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಇನ್ನೊಂದು ಮಾತು, ಪಾರ್ವೋ (ಮರಿಗಳಿಗೆ ಬರುವ ವಾಂತಿ-ಭೇದಿಯ ಮಾರಕ ರೋಗ) ಲಸಿಕೆಯ ಎಲ್ಲಾ ಡೋಸ್ ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಬೀದಿನಾಯಿಗಳು ಓಡಾಡುವ ಕಡೆ ಬಿಡಬೇಡಿ. ಹಿತ್ತಲೇ ಸಾಕು.

ಪ್ರಶ್ನೆ ಕೇಳಿದವರು, ಆರು ದಿನದ ನಂತರ

ಡಬ್ಬಿ ಅಟ್ಟಕ್ಕೆ ಹೋಯಿತು. ಮೊದಲ ಎರಡು ದಿನ ಬೆಣ್ಣೆ ಅಡುಗೆಮನೆ ಬಾಗಿಲಲ್ಲೇ ಕೂತು ನನ್ನ ಮುಖ ನೋಡುತ್ತಿತ್ತು. ಮೂರನೇ ದಿನದಿಂದ ಗಿಡದ ಹತ್ತಿರ ಮುಗಿಸಿ ನನ್ನ ಜೇಬು ನೋಡುತ್ತದೆ. ನಿನ್ನೆ ಹಗಲಲ್ಲಿ ಒಳಗೆ ಒಂದು ಸಲವೂ ಆಗಲಿಲ್ಲ. ಇವತ್ತು ಬೆಳಿಗ್ಗೆ ಅತ್ತೆಯವರೇ ಸೆರಗಿನ ತುದಿಗೆ ಮಂಡಕ್ಕಿ ಕಟ್ಟಿಕೊಂಡು ಅದನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ರಾತ್ರಿ ಮೂರು ಗಂಟೆಯದ್ದು ಇನ್ನೂ ತಪ್ಪಿಲ್ಲ. ಎರಡೂವರೆಗೆ ಅಲಾರಾಂ ಇಟ್ಟಿದ್ದೇನೆ.